ಹೊಸ ಪಠ್ಯ ಬಂತು, ಹೊಸ ಯಂತ್ರವೂ ಬಂತು, ಕೆಲಸ ಬಲ್ಲವರು ಯಾಕೆ ಸಿಗುತ್ತಿಲ್ಲ?

ಪೀಣ್ಯ_ವಿಎಂಸಿ
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್ ಇದೆ. ಹೈಡ್ರಾಲಿಕ್ ಬಿಡಿಭಾಗಗಳ ಜಾಬ್ ವರ್ಕ್ ಮಾಡುತ್ತೇವೆ. ಆರ್ಡರ್ ಇದೆ, ಮೆಷಿನ್ ಇದೆ, ರಾತ್ರಿ ಶಿಫ್ಟ್‌ಗೆ ಸೆಟ್ಟರ್ (ಮೆಷಿನ್ ಸಿದ್ಧ ಮಾಡಿ ಕೊಡುವವನು) ಇಲ್ಲ. ಗೇಟಿಗೆ ಬೋರ್ಡ್ ಹಾಕಿ ತಿಂಗಳುಗಳೇ ಆದವು. ಜನ ಬರುತ್ತಾರೆ. ಆದರೆ ಬಂದವರ ಕೈಗೆ ಮೆಷಿನ್ ಕೊಡೋಕೆ ಧೈರ್ಯ ಸಾಲುವುದಿಲ್ಲ.

ಮೊನ್ನೆ ಒಬ್ಬ ಹುಡುಗ ಬಂದಿದ್ದ. ಐಟಿಐ ಫಿಟ್ಟರ್, ಎರಡು ವರ್ಷ ಮುಗಿಸಿದ್ದಾನೆ, ಒಳ್ಳೇ ಮಾರ್ಕ್ಸ್. ಒಂದು ಶಾಫ್ಟ್ ಕೊಟ್ಟು ಮೈಕ್ರೋಮೀಟರ್‌ನಲ್ಲಿ ಅಳತೆ ನೋಡಪ್ಪಾ ಅಂದೆ. ತುದಿಯಲ್ಲಿರುವ ರ್‍ಯಾಚೆಟ್ ಮುಟ್ಟಲೇ ಇಲ್ಲ. ಅದನ್ನು ತಿರುಗಿಸಿದರೆ ಒತ್ತಡ ಹದವಾಗಿ ಬೀಳುತ್ತೆ. ಅದು ಬಿಟ್ಟು ಥಿಂಬಲ್ (ತಿರುಗಿಸುವ ಹಿಡಿ) ಹಿಡಿದು ಆಗುವಷ್ಟು ಬಿಗಿದ. 24.96 ಅಂದ. ನಾನು ನೋಡಿದರೆ 24.98. ಸೊನ್ನೆ ಸರಿಯಾಗಿ ಕೂತಿದೆಯಾ ಅಂತ ಮೊದಲು ನೋಡಬೇಕಲ್ವಾ ಅಂದರೆ ಮುಖ ಸಪ್ಪೆ ಮಾಡಿಕೊಂಡ. "ಸರ್, ನಮ್ಮಲ್ಲಿ ಮೈಕ್ರೋಮೀಟರ್ ಬೀರುವಿನಲ್ಲಿ ಇಡುತ್ತಿದ್ದರು. ಲೀಸ್ಟ್ ಕೌಂಟ್ ಬೇಕಾದರೆ ಕೇಳಿ, ಹೇಳ್ತೀನಿ" ಅಂದ. ಕೇಳಿದೆ. ಅದರಲ್ಲಿ ಅಳೆಯಬಹುದಾದ ಅತಿ ಸಣ್ಣ ಅಳತೆ 0.01 ಮಿಮೀ ಅಂತ ಪಟ್ ಅಂತ ಹೇಳಿದ.

ಅವನನ್ನು ಬೈಯೋಕೆ ಮನಸ್ಸು ಬರಲಿಲ್ಲ. ಆದರೆ ಆ 0.02ರ ವ್ಯತ್ಯಾಸಕ್ಕೆ ನನ್ನ ಇಡೀ ಲಾಟ್ ವಾಪಸ್ ಬರುತ್ತೆ.

ಪಠ್ಯ ಬದಲಾಯಿಸುತ್ತಾನೇ ಇದ್ದಾರೆ. 2013ರಲ್ಲಿ ಐಟಿಐಗೆ ಸೆಮಿಸ್ಟರ್ ತಂದರು, 2018ರಲ್ಲಿ ಮತ್ತೆ ವಾರ್ಷಿಕ ಪದ್ಧತಿಗೆ ಹೋದರು. ನಮ್ಮ ರಾಜ್ಯದಲ್ಲಿ 150 ಸರ್ಕಾರಿ ಐಟಿಐಗಳನ್ನು 4,700 ಕೋಟಿಗೂ ಜಾಸ್ತಿ ಖರ್ಚಿನಲ್ಲಿ ಟೆಕ್ನಾಲಜಿ ಹಬ್ ಮಾಡಿ 2022ರ ಜೂನ್‌ನಲ್ಲಿ ಪ್ರಧಾನಿ ಕೈಯಲ್ಲಿ ಉದ್ಘಾಟನೆ ಮಾಡಿಸಿದರು. 2025ರಲ್ಲಿ ಕೇಂದ್ರ ಸಂಪುಟ ದೇಶದ 1,000 ಐಟಿಐಗಳಿಗೆ 60,000 ಕೋಟಿಯ ಯೋಜನೆ ಒಪ್ಪಿತು. ಇಷ್ಟೆಲ್ಲಾ ಆಗಿ ಒಂದು ಮೈಕ್ರೋಮೀಟರ್ ಹಿಡಿಯೋದು ಬರೋಲ್ಲ ಅಂದರೆ ಏನರ್ಥ? ತಿಳಿದವರು ಹೇಳಿ.

ಗುಬ್ಬಿ_ಹುಡುಗ
ಸಂಬಳ ಎಷ್ಟು ಕೊಡ್ತೀರಾ, ಅದನ್ನ ಮೊದಲು ಹೇಳಿ ಸರ್.

ಪೀಣ್ಯ_ವಿಎಂಸಿ
ಹೊಸಬರಿಗೆ 14 ಸಾವಿರ, ಓಟಿ ಬೇರೆ, ಪಿಎಫ್ ಇಎಸ್‌ಐ ಇದೆ. ಸೆಟ್ಟರ್ ಆದರೆ 25ರ ಮೇಲೆ.

ಗುಬ್ಬಿ_ಹುಡುಗ
ಗೊತ್ತಾಯ್ತು ಬಿಡಿ. ನಮ್ಮ ರೂಮಿನಲ್ಲಿ ಮೂರು ಜನ ಐಟಿಐ ಮಾಡಿದವರಿದ್ದೇವೆ. ಒಬ್ಬ ಎಲೆಕ್ಟ್ರಿಷಿಯನ್, ಇಬ್ಬರು ಫಿಟ್ಟರ್. ಮೂವರೂ ಬೈಕ್ ಡೆಲಿವರಿ ಮಾಡುತ್ತೇವೆ. 14 ಸಾವಿರದಲ್ಲಿ ರೂಮ್ ಬಾಡಿಗೆ, ಊಟ ಕಳೆದರೆ ಮನೆಗೆ ಕಳಿಸೋಕೆ ಏನು ಉಳಿಯುತ್ತೆ? ಡೆಲಿವರಿಯಲ್ಲಿ ಯಾರೂ ಮೈಕ್ರೋಮೀಟರ್ ಕೊಟ್ಟು ಪರೀಕ್ಷೆ ಮಾಡೋಲ್ಲ.

ರಾಜಾಜಿನಗರ_ಡೈ
ಗುಬ್ಬಿ ಅಣ್ಣ, ಐದು ವರ್ಷ ಆದ ಮೇಲೂ ಅಲ್ಲಿ ಅಷ್ಟೇ ದುಡ್ಡು, ಬೆನ್ನು ನೋವು ಬೇರೆ. ಶಾಪ್‌ನಲ್ಲಿ ಆದರೆ ಕೈಗೆ ಒಂದು ವಿದ್ಯೆ ಹತ್ತುತ್ತೆ.

ಗುಬ್ಬಿ_ಹುಡುಗ
ಹತ್ತುತ್ತೆ ಅಂತ ನೀವು ಹೇಳ್ತೀರಾ. ನನ್ನ ಕಥೆ ಕೇಳಿ. ಒಂದು ಕಂಪನಿಯಲ್ಲಿ ಅಪ್ರೆಂಟಿಸ್ ಆಗಿದ್ದೆ, ಹೆಸರು ಬೇಡ. ವರ್ಷಪೂರ್ತಿ ಕೊಟ್ಟ ಕೆಲಸ ಡೀಬರ್ರಿಂಗ್. ಪಾರ್ಟ್ ಬರುತ್ತೆ, ಅಂಚು ಉಜ್ಜಬೇಕು, ಟ್ರೇಗೆ ಇಡಬೇಕು. ಪಕ್ಕದಲ್ಲೇ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಮ್‌ನಲ್ಲಿ ನಡೆಯುವ ಮೆಷಿನ್) ಓಡುತ್ತಿತ್ತು. ಒಂದು ದಿನ ಊಟದ ಹೊತ್ತಲ್ಲಿ ಆಪರೇಟರ್ ಅಣ್ಣ ಆಫ್‌ಸೆಟ್ (ಟೂಲ್‌ನ ಅಳತೆ ತಿದ್ದುಪಡಿ) ಹಾಕೋದು ತೋರಿಸುತ್ತಿದ್ದ. ಸೂಪರ್‌ವೈಸರ್ ಬಂದು ನೋಡಿದ, ಪ್ಯಾನೆಲ್‌ನಲ್ಲಿದ್ದ ಪ್ರೋಗ್ರಾಮ್ ಎಡಿಟ್ ಕೀ ಕಿತ್ತು ಜೇಬಿಗೆ ಹಾಕಿಕೊಂಡು ಹೋದ. ಅವತ್ತಿನಿಂದ ಆ ಕೀ ಅವನ ಜೇಬಲ್ಲೇ. ವರ್ಷ ಮುಗಿದ ದಿನ ನಮ್ಮ ಬ್ಯಾಚ್ ಹೊರಗೆ, ಮುಂದಿನ ಬ್ಯಾಚ್ ಒಳಗೆ. ಸರ್ಟಿಫಿಕೇಟ್‌ನಲ್ಲಿ ಮಾತ್ರ 'ಫಿಟ್ಟರ್' ಅಂತಲೇ ಇದೆ.

ಜೆಟಿಒ_ಮೇಷ್ಟ್ರು
ನಾನು ಸರ್ಕಾರಿ ಐಟಿಐಯಲ್ಲಿ ಜೆಟಿಒ, ಅಂದರೆ ಕಿರಿಯ ತರಬೇತಿ ಅಧಿಕಾರಿ. ಎಲ್ಲಿ ಅಂತ ಕೇಳಬೇಡಿ, ನೌಕರಿ ಬೇಕು.

ಪೀಣ್ಯ ಸರ್, ಪಠ್ಯದಲ್ಲಿ ಮೈಕ್ರೋಮೀಟರ್ ಇಲ್ಲ ಅಂದುಕೊಳ್ಳಬೇಡಿ. ವರ್ನಿಯರ್ ಇದೆ, ಮೈಕ್ರೋಮೀಟರ್ ಇದೆ, ಸರ್ಫೇಸ್ ಪ್ಲೇಟ್ ಇದೆ, ಫಿಟ್ಸ್ ಅಂಡ್ ಟಾಲರೆನ್ಸ್ ಇದೆ. ಸಿಲಬಸ್ ಓದಿದರೆ ನೀವೇ ಖುಷಿ ಪಡುತ್ತೀರಾ. ಅದನ್ನು ಬರೆದವರು ದಡ್ಡರಲ್ಲ.

ಈಗ ಶೆಡ್ಡಿಗೆ ಬನ್ನಿ. ಒಂದು ಯೂನಿಟ್ ಅಂದರೆ 20 ಹುಡುಗರು. ನನ್ನ ಶೆಡ್ಡಿನಲ್ಲಿ ಲೇಥ್ ನಾಲ್ಕು, ಓಡೋದು ಮೂರು. ಒಬ್ಬ ಹುಡುಗನಿಗೆ ಮೆಷಿನ್ ಮುಂದೆ ಎಷ್ಟು ಹೊತ್ತು ಸಿಗುತ್ತೆ ನೀವೇ ಲೆಕ್ಕ ಹಾಕಿ. ಎಂಎಸ್ ಫ್ಲಾಟ್ (ಮೆದು ಉಕ್ಕಿನ ಪಟ್ಟಿ) ಬೇಕು ಅಂತ ಇಂಡೆಂಟ್ ಹಾಕಿದರೆ ಬರುವ ಹೊತ್ತಿಗೆ ಆ ಜಾಬ್ ಮಾಡುವ ವಾರ ದಾಟಿರುತ್ತೆ. ಆಗ ಏನು ಮಾಡುತ್ತೇವೆ? ಹೋದ ವರ್ಷದವರು ಫೈಲ್ ಮಾಡಿಟ್ಟ ತುಂಡನ್ನೇ ಇವರೂ ಫೈಲ್ ಮಾಡುತ್ತಾರೆ. ಅಳತೆ ಸಾಧನ ಬೀರುವಿನಲ್ಲಿ ಯಾಕೆ ಇಡುತ್ತೇವೆ ಅಂದರೆ, ಒಂದು ಕಳೆದರೂ ಸ್ಟಾಕ್ ವೆರಿಫಿಕೇಶನ್‌ನಲ್ಲಿ ನನ್ನ ಸಂಬಳದಿಂದ ಹಿಡಿಯುತ್ತಾರೆ.

ಪರೀಕ್ಷೆ ಇನ್ನೊಂದು ಕಥೆ. ಥಿಯರಿ ಕಂಪ್ಯೂಟರ್‌ನಲ್ಲಿ, ಉತ್ತರಕ್ಕೆ ಟಿಕ್ ಹಾಕೋದು. ಪ್ರಶ್ನೆಕೋಶ ಮೊಬೈಲ್‌ನಲ್ಲೇ ಸಿಗುತ್ತೆ. ಹುಡುಗರು ಬುದ್ಧಿವಂತರು, ಅದನ್ನೇ ಉರು ಹೊಡೆಯುತ್ತಾರೆ. ಅದಕ್ಕೇ ಲೀಸ್ಟ್ ಕೌಂಟ್ ಬಾಯಲ್ಲಿ ಇರುತ್ತೆ, ರ್‍ಯಾಚೆಟ್ ಕೈಯಲ್ಲಿ ಇರೋಲ್ಲ.

ಇನ್ನು ಎಸ್‌ಎಸ್‌ಎಲ್‌ಸಿ ಪಾಸಾಗಿ ಬಂದವರಲ್ಲಿ ಅರ್ಧ ಜನಕ್ಕೆ 0.2 ದೊಡ್ಡದಾ 0.02 ದೊಡ್ಡದಾ ಅನ್ನೋದೇ ಗೊಂದಲ. ವರ್ಕ್‌ಶಾಪ್ ಕ್ಯಾಲ್ಕುಲೇಶನ್ ಅನ್ನುವ ವಿಷಯದಲ್ಲಿ ನಾನು ಆರನೇ ತರಗತಿ ದಶಮಾಂಶ ಹೇಳಿಕೊಡುತ್ತಾ ಕೂರುತ್ತೇನೆ. ಮಧ್ಯೆ ಚುನಾವಣೆ ಡ್ಯೂಟಿ, ಅಡ್ಮಿಷನ್ ಡ್ಯೂಟಿ, ಪೋರ್ಟಲ್‌ಗೆ ಡಾಟಾ ತುಂಬೋದು.

ಹಳೇ_ಎಚ್‌ಎಂಟಿ
ಮೇಷ್ಟ್ರು ಹೇಳಿದ್ದು ಸರಿ. ನಾನು ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿ ಸೇರಿದವನು. 1953ರಲ್ಲಿ ಸ್ವಿಸ್‌ನ ಓರ್ಲಿಕಾನ್ ಜೊತೆ ಶುರುವಾದ ಕಾರ್ಖಾನೆ ಅದು, ನಾನು ಸೇರಿದ್ದು ಎಷ್ಟೋ ವರ್ಷ ಆದಮೇಲೆ. ಮೆಷಿನ್ ಹತ್ತಿರ ಬಿಡುತ್ತಲೇ ಇರಲಿಲ್ಲ. ಬರೀ ಫೈಲಿಂಗ್. ಒಂದು ಕಬ್ಬಿಣದ ತುಂಡು ಕೊಟ್ಟು ಆರೂ ಮುಖ ಸಮ ಮಾಡು ಅನ್ನುತ್ತಿದ್ದರು. ಸರ್ಫೇಸ್ ಪ್ಲೇಟ್ ಮೇಲೆ ಪ್ರಶ್ಯನ್ ಬ್ಲೂ ಸವರಿ ತುಂಡನ್ನು ಆಡಿಸಿದರೆ ಎತ್ತರ ಇರೋ ಕಡೆ ನೀಲಿ ಹತ್ತುತ್ತೆ. ಅಲ್ಲಿ ಉಜ್ಜು, ಮತ್ತೆ ಆಡಿಸು. ಮುಖದ ತುಂಬ ಒಂದೇ ಸಮ ನೀಲಿ ಬರುವವರೆಗೂ ಮನೆಗೆ ಹೋಗೋ ಹಾಗಿಲ್ಲ. ಅಂಗೈ ಬೊಬ್ಬೆ ಬಂದು ಒಡೆದು ಗಟ್ಟಿಯಾಗುತ್ತಿತ್ತು. ಆಮೇಲೆ ಯಾವ ಮೆಷಿನ್ ಕೊಟ್ಟರೂ ಹೆದರಿಕೆ ಇರಲಿಲ್ಲ. ಈಗ ಮೊದಲ ದಿನದಿಂದಲೇ ರೋಬೋಟ್ ಬೇಕು ಎಲ್ಲರಿಗೂ.

ಕೋಡ್_ಕೊರಟಗೆರೆ
ತಾತ, ಗೌರವ ಇದೆ. ಆದರೆ ಈಗ ಯಾವ ಫ್ಯಾಕ್ಟರಿಯಲ್ಲಿ ಆರು ಮುಖ ಕೈಯಲ್ಲಿ ಉಜ್ಜುತ್ತಾರೆ? ವಿಎಂಸಿ (ಸಿಎನ್‌ಸಿ ಮಿಲ್ಲಿಂಗ್ ಮೆಷಿನ್) ಎರಡು ನಿಮಿಷದಲ್ಲಿ ಮಾಡಿ ಬಿಸಾಕುತ್ತೆ. ಇದನ್ನೇ ಇನ್ನೂ ಪಠ್ಯದಲ್ಲಿ ಇಟ್ಟುಕೊಂಡು ತಿಂಗಳುಗಟ್ಟಲೆ ಹಾಳು ಮಾಡುತ್ತಾರೆ. ಜಿ ಕೋಡ್ (ಮೆಷಿನ್‌ಗೆ ಬರೆಯುವ ಪ್ರೋಗ್ರಾಮ್), ಜಿಡಿ ಅಂಡ್ ಟಿ (ಡ್ರಾಯಿಂಗ್‌ನಲ್ಲಿ ಆಕಾರದ ಮಿತಿ ಹೇಳುವ ಗುರುತು), ಪಿಎಲ್‌ಸಿ (ಮೆಷಿನ್ ನಿಯಂತ್ರಿಸುವ ಕಂಪ್ಯೂಟರ್) ಕಲಿಸಲಿ.

ಹಳೇ_ಎಚ್‌ಎಂಟಿ
ವಿಎಂಸಿಗೆ ತುಂಡನ್ನು ವೈಸ್‌ನಲ್ಲಿ ಕಟ್ಟೋದು ಯಾರು ಮಗಾ? ಕಟ್ಟುವಾಗ ಒಂದು ಚಿಪ್ಸ್ ಅಡಿಯಲ್ಲಿ ಸಿಕ್ಕಿಕೊಂಡರೆ ನಿನ್ನ ಜಿ ಕೋಡ್ ಏನು ಮಾಡುತ್ತೆ?

ರಾಜಾಜಿನಗರ_ಡೈ
😂 ತಾತ ಗೆದ್ದರು.

ನಾನು ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡಿದವನು. ಎಸ್‌ಎಸ್‌ಎಲ್‌ಸಿ ಆದಮೇಲೆ ಮೂರು ವರ್ಷ ಒಳಗೆ, ಒಂದು ವರ್ಷ ಕಂಪನಿಯಲ್ಲಿ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಸರ್ಕಾರಿ ಸಂಸ್ಥೆ. ಅಲ್ಲಿ ಫೈಲಿಂಗೂ ಇದೆ, ಸಿಎನ್‌ಸಿಯೂ ಇದೆ. ಮುಖ್ಯ ಏನಂದರೆ ಹೊರಗಿನ ಕಂಪನಿಗಳ ಮೋಲ್ಡ್, ಡೈ ಆರ್ಡರ್ ಅಲ್ಲೇ ಮಾಡುತ್ತಾರೆ. ದುಡ್ಡು ಕೊಟ್ಟ ಗಿರಾಕಿ ಕಾಯುತ್ತಿರುತ್ತಾನೆ. ನೀವು ತಪ್ಪು ಅಳೆದರೆ ಮಾರ್ಕ್ಸ್ ಹೋಗೋದಲ್ಲ, ಸ್ಟೀಲ್ ಹೋಗುತ್ತೆ. ನನ್ನ ಬ್ಯಾಚಿನಲ್ಲಿ ಖಾಲಿ ಕೂತವರನ್ನು ನಾನು ನೋಡಿಲ್ಲ.

ಬಿಡದಿಯಲ್ಲಿ ಟೊಯೋಟಾದವರು 2007ರಿಂದ ನಡೆಸುವ ತರಬೇತಿ ಸಂಸ್ಥೆಯೂ ಹೀಗೇ. ಹತ್ತನೇ ತರಗತಿ ಮುಗಿಸಿದ ಹಳ್ಳಿ ಮಕ್ಕಳನ್ನು ತೆಗೆದುಕೊಂಡು ಮೂರು ವರ್ಷ ಕಲಿಸುತ್ತಾರೆ.

ಅಂಕಿ_ಅಕ್ಕ
ಎರಡೂ ಒಳ್ಳೇ ಉದಾಹರಣೆ, ಆದರೆ ಎರಡೂ ಕಡೆ ಮಕ್ಕಳನ್ನು ಆರಿಸಿ ತೆಗೆದುಕೊಳ್ಳುತ್ತಾರೆ. ಅರ್ಜಿ ರಾಶಿ, ಸೀಟು ಕಡಿಮೆ. ಜೆಟಿಒ ಸರ್ ಹತ್ತಿರ ಬರುವವರು ಆ ಜರಡಿಯಲ್ಲಿ ಕೆಳಗೆ ಬಿದ್ದವರು. ಇಬ್ಬರನ್ನೂ ಹೋಲಿಸೋದು ನ್ಯಾಯವಲ್ಲ.

ಇನ್ನೊಂದು ಮಾತು. 2024ರಲ್ಲಿ ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ ಸೇರಿ ಭಾರತದ ಉದ್ಯೋಗ ವರದಿ ತಂದವು. 2022ರಲ್ಲಿ ಓದು ಬರಹ ಬಾರದ ಯುವಕರಲ್ಲಿ ನಿರುದ್ಯೋಗ ಶೇ 3.4, ಪದವೀಧರ ಯುವಕರಲ್ಲಿ ಶೇ 29.1. ಇದನ್ನು ನೋಡಿ 'ಓದಿದರೆ ಕೆಲಸ ಸಿಗೋಲ್ಲ' ಅಂತ ವಾಟ್ಸಾಪ್‌ನಲ್ಲಿ ಓಡಾಡಿಸುತ್ತಾರೆ. ಅದಲ್ಲ ವಿಷಯ. ಓದದವನಿಗೆ ಖಾಲಿ ಕೂರೋಕೆ ಆಗೋಲ್ಲ, ಸಿಕ್ಕಿದ ಕೂಲಿಗೆ ಹೋಗುತ್ತಾನೆ. ಓದಿದವನ ಮನೆಯವರು ಸ್ವಲ್ಪ ದಿನ ಕಾಯೋಣ ಅನ್ನುತ್ತಾರೆ. ಅವನು ಕಾಯುತ್ತಿರೋದು ಅವನ ಓದಿಗೆ ತಕ್ಕ ಸಂಬಳಕ್ಕೆ. ಆ ಸಂಬಳದ ಕೆಲಸಗಳೇ ಸಾಕಷ್ಟು ಹುಟ್ಟುತ್ತಿಲ್ಲ. ಪಠ್ಯ ತಿದ್ದಿದರೆ ಕೆಲಸ ಹುಟ್ಟುತ್ತಾ? ಹುಟ್ಟೋಲ್ಲ. ಇರುವ ಕೆಲಸದ ಸರದಿಯಲ್ಲಿ ಯಾರು ಮುಂದೆ ನಿಲ್ಲಬೇಕು ಅನ್ನೋದು ಬದಲಾಗುತ್ತೆ, ಅಷ್ಟೇ.

ಪೀಣ್ಯ_ವಿಎಂಸಿ
ಮೇಡಂ, ಒಪ್ಪೋಲ್ಲ. ನನ್ನ ಶಾಪ್‌ನಲ್ಲಿ ಕೆಲಸ ಇದೆ, ಜನ ಇಲ್ಲ. ಕೆಲಸವೇ ಹುಟ್ಟುತ್ತಿಲ್ಲ ಅಂದರೆ ಹೇಗೆ?

ಅಂಕಿ_ಅಕ್ಕ
ಇದೆ ಸರ್, 14 ಸಾವಿರಕ್ಕೆ ಇದೆ. ಅದೇ ಕೆಲಸಕ್ಕೆ 20 ಕೊಟ್ಟರೆ ಎಷ್ಟು ಜನ ಬರುತ್ತಾರೆ ಅಂತ ನೋಡಿದ್ದೀರಾ?

ಪೀಣ್ಯ_ವಿಎಂಸಿ
ನನಗೆ ಆರ್ಡರ್ ಕೊಡುವವನು ಪ್ರತಿ ವರ್ಷ ರೇಟ್ ಇಳಿಸು ಅನ್ನುತ್ತಾನೆ. ಬಿಲ್ ಪಾಸಾಗೋಕೆ ಮೂರು ತಿಂಗಳು. 20 ಎಲ್ಲಿಂದ ತರಲಿ? ಒಬ್ಬ ಹುಡುಗನಿಗೆ ಆರು ತಿಂಗಳು ಕಲಿಸಿ ತಯಾರು ಮಾಡಿದರೆ, ಪಕ್ಕದ ರಸ್ತೆಯ ದೊಡ್ಡ ಕಂಪನಿ ಎರಡು ಸಾವಿರ ಜಾಸ್ತಿ ಕೊಟ್ಟು ಎತ್ತಿಕೊಂಡು ಹೋಗುತ್ತೆ. ಕಲಿಸಿದ ಖರ್ಚು ನನ್ನದು, ಲಾಭ ಅವರದು. ಹೀಗಾದ ಮೇಲೆ ನಾನು ಯಾಕೆ ಕಲಿಸಲಿ ಹೇಳಿ.

ಬೆಳಗಾವಿ_ಫೌಂಡ್ರಿ
ಇದೇ ನೋಡ್ರಿ ಖರೇ ಮಾತು. ನಮ್ಮ ಕಡೆ ಫೌಂಡ್ರಿಯೊಳಗೂ ಇದೇ ಹಾಡು. ಎಲ್ಲರಿಗೂ ತಯಾರಾದ ಮನುಷ್ಯ ಬೇಕು, ತಯಾರು ಮಾಡೋದು ಮಾತ್ರ ಬ್ಯಾರೆಯವರ ಕೆಲಸ. ಜರ್ಮನಿ ಜರ್ಮನಿ ಅಂತಾರಲ್ಲ, ಅಲ್ಲಿ ಹುಡುಗನ ತರಬೇತಿ ಕಾಲದ ಸಂಬಳ ಕಂಪನಿ ಕೊಡತೈತಿ, ಪರೀಕ್ಷೆ ವಾಣಿಜ್ಯ ಮಂಡಳಿ ಮಾಡತೈತಿ. ಒಬ್ಬ ಕಲಿಸಿ ಇನ್ನೊಬ್ಬ ಎತ್ತಿಕೊಂಡು ಹೋದರೂ, ಎಲ್ಲರೂ ಕಲಿಸ್ತಾರಂದ್ರ ಲೆಕ್ಕ ಸರಿ ಹೋಗತೈತಿ.

ಸುಮ್ನೆ_ಓದುವವ
ಜರ್ಮನಿ ಹೆಸರು ಬಂತು. ಇನ್ನು ಜಪಾನ್ ಒಂದು ಬಾಕಿ.

ಹೈಸ್ಕೂಲ್_ಟೀಚರ್
ಎಲ್ಲರೂ ಐಟಿಐಯಿಂದ ಶುರು ಮಾಡಿದ್ದೀರಾ. ನಾನು ಅದಕ್ಕಿಂತ ಹಿಂದಿನದು ಹೇಳುತ್ತೇನೆ.

ಶಾಲೆಯಲ್ಲೇ ಕೈಕೆಲಸ ಕಲಿಸಬೇಕು ಅನ್ನೋದು ಹೊಸ ವಿಚಾರವೇ ಅಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮ್ ಬಗ್ಗೆ ಸಭೆ ಕರೆದರು. 1964-66ರ ಕೊಠಾರಿ ಆಯೋಗ 'ಕಾರ್ಯಾನುಭವ' ಅಂತ ಹೇಳಿತು. ಆಮೇಲೆ ಸಮಾಜೋಪಯೋಗಿ ಉತ್ಪಾದಕ ಕೆಲಸ ಅಂತ ಒಂದು ಪೀರಿಯಡ್ ಬಂತು. ಅದರಲ್ಲಿ ನಾವು ಮೈದಾನದ ಕಸ ಹೆಕ್ಕಿದ್ದೇ ಜಾಸ್ತಿ. ಪಿಯುಸಿ ಮಟ್ಟದಲ್ಲಿ ಜೆಒಸಿ (ಉದ್ಯೋಗಾಧಾರಿತ ಕೋರ್ಸ್) ಇತ್ತು, ಅದನ್ನೂ ಮುಚ್ಚಿದರು. ಪ್ರೌಢಶಾಲೆಗಳಲ್ಲಿ ಹೊಲಿಗೆ, ನೇಯ್ಗೆ, ತೋಟಗಾರಿಕೆಗೆ ವೃತ್ತಿ ಶಿಕ್ಷಕರು ಇರುತ್ತಿದ್ದರು. ನಮ್ಮ ಶಾಲೆಯಲ್ಲಿ ಹೊಲಿಗೆ ಟೀಚರ್ ನಿವೃತ್ತರಾದ ಮೇಲೆ ಆ ಹುದ್ದೆ ತುಂಬಲಿಲ್ಲ. ಮೆಷಿನ್‌ಗಳ ಮೇಲೆ ಬಿಸಿಯೂಟದ ಅಕ್ಕಿ ಮೂಟೆ ಇಟ್ಟಿದ್ದಾರೆ.

ಈಗ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. ಆರನೇ ತರಗತಿಯಿಂದಲೇ ವೃತ್ತಿ ಪರಿಚಯ, ಹತ್ತು ದಿನ ಬ್ಯಾಗಿಲ್ಲದ ದಿನ, 2025ರ ಹೊತ್ತಿಗೆ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣ ಅಂತ ಬರೆದರು. 2025 ಬಂದು ಹೋಯಿತು.

ಹೆಸರು ಪ್ರತಿ ಸಲ ಬೇರೆ. ಆದರೆ ಆ ಪೀರಿಯಡ್‌ಗೆ ಯಾರನ್ನು ಕಳಿಸುತ್ತಾರೆ ಅನ್ನೋದು ಬದಲಾಗಿಲ್ಲ. ಸ್ಟಾಫ್ ರೂಮಿನಲ್ಲೇ ಹೇಳುತ್ತಾರೆ, "ಇವನು ಹೇಗೂ ಪಾಸಾಗೋಲ್ಲ, ವೃತ್ತಿ ವಿಷಯಕ್ಕೆ ಹಾಕಿ" ಅಂತ. ಹುಡುಗನಿಗೂ ಅದು ಕೇಳಿಸುತ್ತೆ. ಹಾಗೆ ಹೋದವನು ಖುಷಿಯಿಂದ ಕಲಿಯಬೇಕು ಅಂದರೆ ಹೇಗೆ?

ಮಂಡ್ಯದ_ಗಂಡು
ಟೀಚರ್ ಹೇಳಿದ್ದು ನೂರಕ್ಕೆ ನೂರು. ನನ್ನ ಐಟಿಐ ಗೋಡೆ ಮೇಲೆ 'ಕಾಯಕವೇ ಕೈಲಾಸ' ಅಂತ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಹೆಣ್ಣು ನೋಡೋಕೆ ಹೋದಾಗ ಮಾತ್ರ "ಡಿಗ್ರಿ ಆಗಿಲ್ವಾ?" ಅಂತ ಕೇಳಿದರು. ತಿಂಗಳಿಗೆ 32 ಸಾವಿರ ತರುವ ವೆಲ್ಡರ್ ಬೇಡ, ಕೆಲಸ ಇಲ್ಲದ ಬಿಕಾಂ ಆದರೂ ಪರವಾಗಿಲ್ಲ. ಕೊನೆಗೆ ದೂರಶಿಕ್ಷಣದಲ್ಲಿ ಬಿಎ ಕಟ್ಟಿದೆ. ಮದುವೆ ಆಯ್ತು. ಬಿಎ ಇನ್ನೂ ಮುಗಿದಿಲ್ಲ.

ಸುಮ್ನೆ_ಓದುವವ
ಈ ಕಮೆಂಟಿಗೆ ಪ್ರಶಸ್ತಿ ಕೊಡಿ ಯಾರಾದರೂ.

ಕೋಡ್_ಕೊರಟಗೆರೆ
ಸರ್ಕಾರವೇ ಬೆಲೆ ಕಟ್ಟಿದೆಯಲ್ಲ. ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾದವನಿಗೆ 1,500. ಡಿಪ್ಲೊಮಾ ಹುಡುಗನ ಹೊಟ್ಟೆ ಅರ್ಧನಾ?

ಅಂಕಿ_ಅಕ್ಕ
ಇದು ಒಳ್ಳೇ ಪಾಯಿಂಟ್. ನಾನು ಯೋಚನೆ ಮಾಡಿರಲಿಲ್ಲ.

ಅದಿರಲಿ, ಶಿಕ್ಷಣ ನೀತಿಯಲ್ಲೇ ಒಂದು ಹೋಲಿಕೆ ಇದೆ. 19ರಿಂದ 24 ವಯಸ್ಸಿನ ಭಾರತದ ಕೆಲಸಗಾರರಲ್ಲಿ ಔಪಚಾರಿಕ ವೃತ್ತಿ ಶಿಕ್ಷಣ ಪಡೆದವರು ಶೇ 5ಕ್ಕಿಂತ ಕಡಿಮೆ. ಜರ್ಮನಿಯಲ್ಲಿ ಶೇ 75, ದಕ್ಷಿಣ ಕೊರಿಯಾದಲ್ಲಿ ಶೇ 96. 12ನೇ ಪಂಚವಾರ್ಷಿಕ ಯೋಜನೆಯಿಂದ ತೆಗೆದ ಅಂಕಿ ಅದು.

ಗ್ಯಾರೇಜ್_ಸಾಬ್
ಮೇಡಂ, 'ಔಪಚಾರಿಕ' ಅನ್ನೋ ಪದಕ್ಕೆ ಅಡಿಗೆರೆ ಹಾಕಿ. ನಾನು ಏಳನೇ ತರಗತಿ ಬಿಟ್ಟು ಉಸ್ತಾದ್ ಹತ್ತಿರ ಸೇರಿದವನು. ಮೊದಲು ಪಾನಾ ತೊಳೆಯೋದು, ಆಮೇಲೆ ಟೈರ್, ಆಮೇಲೆ ಇಂಜಿನ್. ಇವತ್ತು ಗಾಡಿ ಸ್ಟಾರ್ಟ್ ಮಾಡಿದ ಸದ್ದಿನಲ್ಲೇ ಟ್ಯಾಪೆಟ್ ಸಡಿಲ ಇದೆಯಾ ಚೈನ್ ಸಡಿಲ ಇದೆಯಾ ಹೇಳುತ್ತೇನೆ. ನಾನು ಆ 5ರಲ್ಲಿ ಇಲ್ಲ. ದೇಶದ ಮೆಕ್ಯಾನಿಕ್, ಗಾರೆ ಕೆಲಸದವರು, ಬಡಗಿ, ಪ್ಲಂಬರ್ ಯಾರೂ ಆ 5ರಲ್ಲಿ ಇಲ್ಲ. ನಮಗೆ ವಿದ್ಯೆ ಇಲ್ಲ ಅಂತ ಬರೆದುಕೊಂಡು ಕೊರಿಯಾ ಜೊತೆ ಹೋಲಿಸುತ್ತಾರೆ.

ಆದರೆ ಒಂದು ಒಪ್ಪಬೇಕು. ಎಲೆಕ್ಟ್ರಿಕ್ ಸ್ಕೂಟರ್ ಬಂದಾಗಿನಿಂದ ನನ್ನ ಕಿವಿ ಕೆಲಸ ಮಾಡುತ್ತಿಲ್ಲ. ಅದಕ್ಕೆ ಸದ್ದೇ ಇಲ್ಲ. ಕಂಟ್ರೋಲರ್ ಬಿಚ್ಚಿದರೆ ಏನೂ ಅರ್ಥವಾಗೋಲ್ಲ, ಕಂಪನಿಯವರು ಸಾಫ್ಟ್‌ವೇರ್ ಕೊಡೋಲ್ಲ. ನಮ್ಮಂಥವರಿಗೆ ಸಂಜೆ ಹೊತ್ತು ಎರಡು ಮೂರು ತಿಂಗಳ ಕೋರ್ಸ್ ಮಾಡಿದರೆ ದುಡ್ಡು ಕೊಟ್ಟು ಸೇರುತ್ತೇನೆ. ಹಗಲು ಹೊತ್ತು ಎರಡು ವರ್ಷ ಕೂರು ಅಂದರೆ ಗ್ಯಾರೇಜ್ ಯಾರು ನೋಡಿಕೊಳ್ಳುತ್ತಾರೆ?

ಜೆಟಿಒ_ಮೇಷ್ಟ್ರು
ಸಾಬ್, ನಿಮ್ಮಂಥವರನ್ನು ವಾರಕ್ಕೊಂದು ದಿನ ನನ್ನ ಶೆಡ್ಡಿಗೆ ಕರೆಸಿ ಹುಡುಗರಿಗೆ ಪಾಠ ಮಾಡಿಸಬೇಕು ಅಂತ ನನಗೆ ಆಸೆ. ನಿಯಮದಲ್ಲಿ ನಿಮಗೆ ಅರ್ಹತೆ ಇಲ್ಲ. ಬೋಧಕ ಆಗೋಕೆ ಡಿಪ್ಲೊಮಾ, ಇಲ್ಲದಿದ್ದರೆ ಐಟಿಐ ಜೊತೆಗೆ ಅನುಭವ, ಅದರ ಮೇಲೆ ಒಂದು ವರ್ಷದ ಸಿಐಟಿಎಸ್ ಅನ್ನುವ ಬೋಧಕರ ತರಬೇತಿ ಕೇಳುತ್ತಾರೆ. ಸಿಐಟಿಎಸ್ ಒಳ್ಳೆಯದೇ, ಬೇಡ ಅನ್ನೋಲ್ಲ. ಆದರೆ ಅತಿಥಿಯಾಗಿ ಬಂದು ತೋರಿಸೋಕೂ ಕಾಗದ ಬೇಕಾ?

ಗ್ಯಾರೇಜ್_ಸಾಬ್
ಕರೆದರೆ ಬರುತ್ತೇನೆ ಮೇಷ್ಟ್ರೇ. ಚಹಾ ಕೊಟ್ಟರೆ ಸಾಕು.

ಕೋಲಾರ_ಇಸಿ
ಇಷ್ಟು ಹೊತ್ತಾದರೂ ಹುಡುಗಿಯರ ಸುದ್ದಿ ಯಾರೂ ಎತ್ತಿಲ್ಲ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಸಿ-20 ಸಿಲಬಸ್ ಬ್ಯಾಚ್. ನರಸಾಪುರ, ದೇವನಹಳ್ಳಿ ಕಡೆ ಫೋನ್ ಜೋಡಿಸುವ ಕಾರ್ಖಾನೆಗಳಲ್ಲಿ ಲೈನ್ ತುಂಬ ಹುಡುಗಿಯರೇ. ನನ್ನ ಗೆಳತಿಯರೂ ಇದ್ದಾರೆ. ಕೆಲಸ ಸಿಕ್ಕಿದೆ, ಬಸ್ ಇದೆ, ಹಾಸ್ಟೆಲ್ ಇದೆ, ಅದು ಸಣ್ಣ ವಿಷಯ ಅಲ್ಲ. ಮನೆಯಲ್ಲಿ ಮದುವೆ ಮಾತು ಎರಡು ವರ್ಷ ಮುಂದೆ ಹೋಗಿದೆ, ಅದೂ ಸಣ್ಣ ವಿಷಯ ಅಲ್ಲ.

ಆದರೆ ಅಲ್ಲಿ ಡಿಪ್ಲೊಮಾದವಳೂ ಪಿಯುಸಿಯವಳೂ ಒಂದೇ ಸಾಲಿನಲ್ಲಿ ನಿಂತು ಒಂದೇ ಸ್ಕ್ರೂ ಹಾಕುತ್ತಾರೆ. ಸ್ಕ್ರೂಡ್ರೈವರ್ ಟಾರ್ಕ್ ಮೊದಲೇ ಸೆಟ್ ಆಗಿರುತ್ತೆ, ತಪ್ಪು ಮಾಡೋಕೂ ಅವಕಾಶ ಇಲ್ಲ. ಒಂದಿಷ್ಟು ದಿನದ ತರಬೇತಿ ಸಾಕು. ನಾನು ಮೂರು ವರ್ಷ ಓದಿದ ಮೈಕ್ರೋಕಂಟ್ರೋಲರ್ ಯಾರಿಗೂ ಬೇಡ. ಹಾಗಾದರೆ ಉದ್ಯಮಕ್ಕೆ ಬೇಕಾದ ಪಠ್ಯ ಅಂದರೆ ಯಾವುದು? ಸುಮ್ನೆ ಎಂಟು ಗಂಟೆ ನಿಲ್ಲೋದು ಕಲಿಸಿದರೆ ಆಯ್ತಾ? 2020ರ ಡಿಸೆಂಬರ್‌ನಲ್ಲಿ ನರಸಾಪುರದಲ್ಲಿ ಗಲಾಟೆ ಆಗಿದ್ದು ಸಂಬಳದ ವಿಷಯಕ್ಕೆ, ಸ್ಕಿಲ್ ವಿಷಯಕ್ಕಲ್ಲ.

ಮತ್ತೆ ಐಟಿಐ ವಿಷಯ. ನಮ್ಮೂರ ಕಡೆ ಹುಡುಗಿ ಅಂದರೆ ಕೋಪಾ (ಕಂಪ್ಯೂಟರ್ ಆಪರೇಟರ್ ಟ್ರೇಡ್) ಇಲ್ಲವೇ ಹೊಲಿಗೆ. ನನ್ನ ತಂಗಿ ಎಲೆಕ್ಟ್ರಿಷಿಯನ್ ಕೇಳಿದರೆ "ಕಂಬ ಹತ್ತುತ್ತೀಯಾ?" ಅಂತ ಅಡ್ಮಿಷನ್ ಕೌಂಟರ್‌ನಲ್ಲೇ ನಕ್ಕರು. ಈಗ ಆ ಶೆಡ್ಡಿನಲ್ಲಿ ಅವಳೇ ಚೆನ್ನಾಗಿ ವೈಂಡಿಂಗ್ ಮಾಡೋದು.

ಹಳೇ_ಎಚ್‌ಎಂಟಿ
ತಂಗಿಗೆ ಶಹಬ್ಬಾಸ್ ಹೇಳಮ್ಮಾ. ನಮ್ಮ ವಾಚ್ ಫ್ಯಾಕ್ಟರಿಯಲ್ಲಿ ಜೋಡಣೆ ವಿಭಾಗದ ತುಂಬ ಹೆಣ್ಣುಮಕ್ಕಳೇ ಇದ್ದರು. ಅಷ್ಟು ಸಣ್ಣ ಸ್ಕ್ರೂ ಗಂಡಸರ ಕೈಗೆ ಸಿಗುತ್ತಲೇ ಇರಲಿಲ್ಲ.

ಕನ್ನಡ_ಮೊದಲು
ಎಲ್ಲಾ ಸರಿ. ಆದರೆ ಪೀಣ್ಯದಲ್ಲಿ ಕನ್ನಡಿಗರಿಗೆ ಕೆಲಸ ಕೊಡುತ್ತಿದ್ದೀರಾ ಅದನ್ನು ಹೇಳಿ. 1986ರಲ್ಲೇ ಸರೋಜಿನಿ ಮಹಿಷಿ ವರದಿ ಬಂತು. 2024ರ ಜುಲೈನಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಅಂತ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಬೊಬ್ಬೆ ಹೊಡೆದ ಕೂಡಲೇ ತಡೆಹಿಡಿದರು. ಮೊದಲು ಇದು ಆಗಲಿ, ಆಮೇಲೆ ಪಠ್ಯ ಗಿಟ್ಯ.

ಪೀಣ್ಯ_ವಿಎಂಸಿ
ನಾನು ಕನ್ನಡದವನೇ ಸ್ವಾಮಿ. ಬೋರ್ಡ್ ಕನ್ನಡದಲ್ಲೇ ಹಾಕಿದ್ದೇನೆ. ಬಿಹಾರದ ಹುಡುಗ ಬಂದು "ರೂಮ್ ಕೊಡಿ, ಯಾವ ಶಿಫ್ಟ್ ಆದರೂ ಸರಿ" ಅನ್ನುತ್ತಾನೆ. ನಮ್ಮವನು "ಭಾನುವಾರ ರಜೆ ತಾನೇ?" ಅಂತ ಮೊದಲು ಕೇಳುತ್ತಾನೆ.

ಗುಬ್ಬಿ_ಹುಡುಗ
ಭಾನುವಾರ ರಜೆ ಕೇಳೋದು ತಪ್ಪಾ ಸರ್?

ಕನ್ನಡ_ಮೊದಲು
ನೋಡಿ, ಬಂತಲ್ಲ ಬಣ್ಣ ಹೊರಗೆ.

ನಿರ್ವಾಹಕ
ಸ್ಥಳೀಯ ಮೀಸಲಾತಿಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ತರಬೇತಿ, ಪಠ್ಯದ ಮಾತು ಸಾಕು.

ಕೋಡ್_ಕೊರಟಗೆರೆ
ಪಠ್ಯದ ಮಾತೇ ಆಡುತ್ತೇನೆ. ಡಿಗ್ರಿಯವರ ಪಾಡು ನೋಡಿ. 2021ರಲ್ಲಿ ನಮ್ಮ ರಾಜ್ಯವೇ ಮೊದಲು ಅಂತ ನಾಲ್ಕು ವರ್ಷದ ಪದವಿ ತಂದರು. 2024ರಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಹಿಡಿದುಕೊಂಡು ಮತ್ತೆ ಮೂರು ವರ್ಷಕ್ಕೆ ಬಂದರು. ನನ್ನ ತಮ್ಮನ ಬ್ಯಾಚ್ ಮಧ್ಯದಲ್ಲಿ ಸಿಕ್ಕಿಕೊಂಡಿದೆ. ಸಂದರ್ಶನದಲ್ಲಿ "ಓಪನ್ ಎಲೆಕ್ಟಿವ್ ಅಂದ್ರೇನು, ಈ ಮಾರ್ಕ್ಸ್ ಕಾರ್ಡ್ ಹೇಗೆ ಓದಬೇಕು" ಅಂತ ಎಚ್‌ಆರ್ ಅವನನ್ನೇ ಕೇಳುತ್ತಾಳೆ. ಒಂದು ಬ್ಯಾಚ್ ಪೂರ್ತಿ ಹೊರಗೆ ಬಂದು ಎರಡು ವರ್ಷ ಕೆಲಸ ಮಾಡಲಿ, ಆಮೇಲೆ ಸರಿ ತಪ್ಪು ನೋಡೋಣ ಅನ್ನುವ ತಾಳ್ಮೆ ಯಾವ ಸರ್ಕಾರಕ್ಕೂ ಇಲ್ಲ.

ಹೈಸ್ಕೂಲ್_ಟೀಚರ್
ಇದಕ್ಕೆ ನನ್ನದೂ ಒಂದು ಸಹಿ. ಪುಸ್ತಕ ಬದಲಾಯಿಸಿದರೆ ಸುದ್ದಿ ಆಗುತ್ತೆ, ಫೋಟೊ ಬರುತ್ತೆ. ಖಾಲಿ ಹುದ್ದೆ ತುಂಬಿದರೆ ಯಾರೂ ಫೋಟೊ ತೆಗೆಯೋಲ್ಲ.

ಅಪ್ರೆಂಟಿಸ್_ಮಾಹಿತಿ
ನಾನು ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಅಪ್ರೆಂಟಿಸ್ ಲೆಕ್ಕ ನೋಡಿಕೊಳ್ಳುತ್ತೇನೆ. ಪೀಣ್ಯ ಸರ್ ಮತ್ತು ಗುಬ್ಬಿ ಇಬ್ಬರಿಗೂ ಉಪಯೋಗ ಆಗಬಹುದು.

ಅಪ್ರೆಂಟಿಸ್ ಕಾಯ್ದೆ 1961ರದು. 2019ರ ನಿಯಮದ ಪ್ರಕಾರ 30 ಅಥವಾ ಜಾಸ್ತಿ ಜನ ಇರುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳಲೇಬೇಕು, ಒಟ್ಟು ಜನರ ಶೇ 2.5ರಿಂದ 15ರವರೆಗೆ. 4ರಿಂದ 29 ಜನ ಇದ್ದರೆ ಕಡ್ಡಾಯ ಇಲ್ಲ, ಇಷ್ಟ ಇದ್ದರೆ ತೆಗೆದುಕೊಳ್ಳಬಹುದು. ಎನ್‌ಎಪಿಎಸ್ ಅನ್ನುವ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡ್‌ನ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಕೊಡುತ್ತೆ. ಅದು 2016ರಿಂದ ಇದೆ. ಪೀಣ್ಯದ ಸಣ್ಣ ಶಾಪ್‌ಗಳಲ್ಲಿ ಅರ್ಧ ಜನಕ್ಕೆ ಇದು ಗೊತ್ತೇ ಇಲ್ಲ, ಗೊತ್ತಿದ್ದವರು ಪೋರ್ಟಲ್ ನೋಡಿ ಹೆದರುತ್ತಾರೆ.

ಗುಬ್ಬಿ ಹೇಳಿದ ಡೀಬರ್ರಿಂಗ್ ಕಥೆ ನಿಜ, ತುಂಬ ಕಡೆ ನಡೆಯುತ್ತೆ. ಕಾಂಟ್ರ್ಯಾಕ್ಟ್‌ನಲ್ಲಿ ಯಾವ ಟ್ರೇಡ್ ಅಂತ ಇರುತ್ತೆ. ಆ ಟ್ರೇಡ್‌ಗೆ ಏನೇನು ಕಲಿಸಬೇಕು ಅಂತ ಪಠ್ಯವೂ ಇದೆ. ಬಂದು ನೋಡುವವರು ಇಲ್ಲ. ದಿನವೂ ಏನು ಮಾಡಿದೆ ಅಂತ ಲಾಗ್ ಬುಕ್ ಬರೆಯಿರಿ, ಸೂಪರ್‌ವೈಸರ್ ಸಹಿ ಹಾಕಿಸಿ. 'ಡೀಬರ್ರಿಂಗ್' ಅಂತ ವಾರಗಟ್ಟಲೆ ಬರೆದ ಪುಸ್ತಕಕ್ಕೆ ಸಹಿ ಹಾಕೋಕೆ ಅವರಿಗೇ ಕೈ ಬರೋಲ್ಲ. ನಮ್ಮಲ್ಲಿ ಒಬ್ಬ ಹುಡುಗಿ ಹೀಗೆ ಮಾಡಿಯೇ ಗ್ರೈಂಡಿಂಗ್ ವಿಭಾಗಕ್ಕೆ ಹೋದಳು.

ಗುಬ್ಬಿ_ಹುಡುಗ
ಇದು ಆವಾಗ ಗೊತ್ತಿದ್ದರೆ ಮಾಡುತ್ತಿದ್ದೆ. ಥ್ಯಾಂಕ್ಸ್ ಮೇಡಂ, ಸರ್ ಯಾರೋ.

ಪೀಣ್ಯ_ವಿಎಂಸಿ
ನಮ್ಮಲ್ಲಿ 18 ಜನ ಇದ್ದಾರೆ. ಹಾಗಾದರೆ ಇಷ್ಟ ಇದ್ದರೆ ಅನ್ನುವ ಲೆಕ್ಕ. ಪೋರ್ಟಲ್ ನೋಡುತ್ತೇನೆ.

ಜೆಟಿಒ ಸರ್, ನಿಮಗೆ ಸ್ಟೀಲ್ ಬರುತ್ತಿಲ್ಲ ಅಂದಿರಿ. ನನ್ನ ಹತ್ತಿರ ಇಎನ್8 ಉಕ್ಕಿನ ರಿಜೆಕ್ಟ್ ಪಾರ್ಟ್ ಮೂಟೆಗಟ್ಟಲೆ ಬಿದ್ದಿದೆ, ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕುತ್ತೇನೆ. ಬೇಕಾದರೆ ಕಳಿಸಿಕೊಡುತ್ತೇನೆ. ಯಾಕೆ ರಿಜೆಕ್ಟ್ ಆಯ್ತು ಅಂತ ಡ್ರಾಯಿಂಗ್ ಸಮೇತ.

ಜೆಟಿಒ_ಮೇಷ್ಟ್ರು
ಡ್ರಾಯಿಂಗ್ ಸಮೇತ ಅಂದರೆ ಚಿನ್ನ ಸರ್. ಯಾವ ಅಳತೆ ತಪ್ಪಿದೆ ಹುಡುಕಿ ಅಂತ ಹುಡುಗರಿಗೆ ಬಿಟ್ಟರೆ ಇಡೀ ತಿಂಗಳ ಪ್ರಾಕ್ಟಿಕಲ್ ಆಯ್ತು. ಗಿರಾಕಿ ಹೆಸರಿರುವ ಮೂಲೆ ಮಾತ್ರ ಕತ್ತರಿಸಿ ಕೊಡಿ. ದಾನ ಅಂತ ಪ್ರಿನ್ಸಿಪಾಲ್ ಹೆಸರಿಗೆ ಒಂದು ಪತ್ರ ಬೇಕು, ಇಲ್ಲದಿದ್ದರೆ ಗೇಟಲ್ಲೇ ನಿಲ್ಲಿಸುತ್ತಾರೆ. ಆಡಿಟ್ ಬಂದಾಗ ಈ ಸ್ಟೀಲ್ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಮೆಸೇಜ್ ಮಾಡಿದ್ದೇನೆ, ನೋಡಿ.

ಕೋಡ್_ಕೊರಟಗೆರೆ
ಸ್ಟೀಲ್ ದಾನಕ್ಕೂ ಪತ್ರ. ದೇಶ ಉದ್ಧಾರ.

ಬೆಳಗಾವಿ_ಫೌಂಡ್ರಿ
ಮೈಕ್ರೋಮೀಟರ್ ಬೀರುವಿನೊಳಗ ಇಡೋದು ಬಿಡ್ರಿ ಮೇಷ್ಟ್ರ, ಅದನ್ನ ಮೊದಲ ಮಾಡ್ರಿ. ಕಳದ್ರ ನಾವು ನಾಲ್ಕು ಮಂದಿ ಸೇರಿ ಕೊಡಿಸ್ತೀವಿ.

ಹಾಸನ_ಅಪ್ಪ
ಎಲ್ಲಾ ಓದಿದೆ. ನನ್ನದೊಂದು ಸಣ್ಣ ಪ್ರಶ್ನೆ. ಮಗ ಎರಡು ವರ್ಷದ ಐಟಿಐ ಮುಗಿಸಿದ ಮೇಲೆ ಮುಂದೆ ಓದೋಕೆ ದಾರಿ ಇದೆಯಾ, ಅಲ್ಲಿಗೇ ಮುಗೀತಾ? ನನ್ನ ಹೆಂಡತಿಗೆ ಅದೇ ಭಯ.

ರಾಜಾಜಿನಗರ_ಡೈ
ಇದೆ ಅಣ್ಣಾ. ಎರಡು ವರ್ಷದ ಐಟಿಐ ಆದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಡಿಪ್ಲೊಮಾಗೆ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದರೆ ಎರಡನೇ ವರ್ಷದ ಬಿಇಗೆ ಹೋಗಬಹುದು. ಟ್ರೇಡ್ ಆರಿಸುವಾಗಲೇ ಮುಂದೆ ಯಾವ ಬ್ರಾಂಚ್ ಬೇಕು ಅಂತ ನೋಡಿಕೊಳ್ಳಿ. ಗಣಿತ ಮಾತ್ರ ಬಿಡಿಸಬೇಡಿ. ಡಿಪ್ಲೊಮಾ ಎರಡನೇ ವರ್ಷದಲ್ಲಿ ಐಟಿಐ ಹುಡುಗರು ಜಾಸ್ತಿ ಒದ್ದಾಡೋದು ಅದರಲ್ಲೇ.

ಮಂಡ್ಯದ_ಗಂಡು
ಹೆಣ್ಣು ಹುಡುಕುವಾಗ ಕಷ್ಟ ಆಗಬಾರದು ಅಂದರೆ ಬಿಇವರೆಗೂ ಓದಿಸಿ ಅಣ್ಣಾ.

ಹಾಸನ_ಅಪ್ಪ
ಅವನಿಗಿನ್ನೂ 15 ವರ್ಷ ಮಾರಾಯ್ರೆ. ಡೈ ಅವರೇ, ಸರ್ಕಾರಿ ಐಟಿಐಗೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಮೇಲೇನಾ ಸೀಟು, ಪ್ರವೇಶ ಪರೀಕ್ಷೆ ಇರುತ್ತಾ?

ಜೆಟಿಒ_ಮೇಷ್ಟ್ರು
ಮಾರ್ಕ್ಸ್ ಮೇಲೆ ಮತ್ತು ಮೀಸಲಾತಿ ಮೇಲೆ. ಆನ್‌ಲೈನ್ ಅರ್ಜಿ. ಅರ್ಜಿ ಹಾಕುವ ಮೊದಲು ಮಗನನ್ನು ಕರೆದುಕೊಂಡು ಹೋಗಿ ಶೆಡ್ಡು ನೋಡಿ ಬನ್ನಿ. ಆಫೀಸ್ ರೂಮ್ ಬೇಡ, ಶೆಡ್ಡು. ಮೆಷಿನ್ ಮೇಲೆ ಎಣ್ಣೆ ಇದೆಯಾ ಧೂಳಿದೆಯಾ ನೋಡಿದರೆ ಗೊತ್ತಾಗುತ್ತೆ. ಎಣ್ಣೆ ಇದ್ದರೆ ಸೇರಿಸಿ.